ವಾಂಗ್ ಫೇ-ಹುಂಗ್: ಮೂಳೆ ಕೂಡಿಸಿದ ಮಲ್ಲ

ಲೋಕದಲ್ಲಿ ಕೆಲವರ ಹೆಸರು ಅವರ ಬಾಳಿಗಿಂತ ಬಹು ದೊಡ್ಡದಾಗಿ ಬೆಳೆದುಬಿಡುತ್ತದೆ. ಹೆಸರಿನ ನೆರಳು ನೀಳವಾದಷ್ಟೂ ಅದರ ಹಿಂದೆ ನಿಂತ ಮನುಷ್ಯ ಮಸುಕಾಗುತ್ತಾನೆ. ದಕ್ಷಿಣ ಚೀನದಲ್ಲಿ ಹುಟ್ಟಿ, ಮಲ್ಲವಿದ್ಯೆಯನ್ನು ಕಲಿಸುತ್ತ, ಮುರಿದ ಮೂಳೆಗಳನ್ನು ಕೂಡಿಸುತ್ತ ಬಾಳಿ, ಕಡೆಗೆ ಇದ್ದುದೆಲ್ಲವನ್ನೂ ಕಳೆದುಕೊಂಡು ತೀರಿಹೋದ ವಾಂಗ್ ಫೇ-ಹುಂಗ್ ಅಂಥವರಲ್ಲಿ ಒಬ್ಬ. ಆತನನ್ನು ಕಥಾನಾಯಕನನ್ನಾಗಿ ಮಾಡಿ ತೆಗೆದ ಚಲನಚಿತ್ರಗಳು ನೂರಕ್ಕೂ ಮಿಕ್ಕಿವೆ. ಆತನದೇ ಎಂದು ಎಲ್ಲರೂ ಒಪ್ಪುವ ಭಾವಚಿತ್ರ ಮಾತ್ರ ಒಂದೂ ಇಲ್ಲ.

ಈತನ ಚರಿತ್ರೆಯಲ್ಲಿ ನನಗೆ ಆಸಕ್ತಿ ಹುಟ್ಟಿದುದು ಒಂದು ಹಾಸ್ಯಚಿತ್ರದಿಂದ. 1978ರಲ್ಲಿ ಹಾಂಗ್‌ಕಾಂಗಿನಲ್ಲಿ ತೆರೆಕಂಡ ‘ಡ್ರಂಕನ್ ಮಾಸ್ಟರ್’ ಎಂಬ ಆ ಚಿತ್ರ ಕ್ಯಾಂಟನೀಸ್ ಭಾಷೆಯದು. ಹಳೆಯ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಿ ಮನೆಯಲ್ಲಿ ನೋಡುವಂತೆ ಡಿಸ್ಕುಗಳಲ್ಲಿ ಹೊರತರುವ ಉದ್ಯಮ ಇಂದು ಬೆಳೆದಿದೆ. ಈ ಚಿತ್ರಕ್ಕೂ ಆ ಭಾಗ್ಯ ಒದಗಿತು. ಚಿತ್ರದ ಜೀರ್ಣೋದ್ಧಾರದ ಕಥೆಯನ್ನೂ ನಾಯಕನ ನಿಜಜೀವನದ ಕಥೆಯನ್ನೂ ಒಟ್ಟಿಗೆ ಓದಿದಾಗ ಎರಡರಲ್ಲಿಯೂ ಇರುವುದು ಒಂದೇ ಪ್ರಶ್ನೆ ಎಂದು ನನಗೆ ತೋರಿತು. ಕಳೆದುಹೋದುದನ್ನು ನಾವು ಏನು ಮಾಡಬೇಕು ಎಂಬುದೇ ಆ ಪ್ರಶ್ನೆ. ಮೊದಲು ಮನುಷ್ಯನ ಕಥೆಯನ್ನು ಹೇಳುತ್ತೇನೆ.

ವಾಂಗ್ ಫೇ-ಹುಂಗ್ ಹುಟ್ಟಿದುದು ಗುವಾಂಗ್‌ಡಾಂಗ್ ಪ್ರಾಂತದ ಫೊಶಾನ್ ಪಟ್ಟಣದ ಸೀಮೆಯಲ್ಲಿ, ಶೀಚಿಯಾವ್ ಬೆಟ್ಟದ ಬಳಿಯ ಒಂದು ಹಳ್ಳಿಯಲ್ಲಿ. ಹುಟ್ಟಿದ ವರ್ಷ 1847 ಎಂದು ರೂಢಿ. 1856 ಎನ್ನುವ ಪಕ್ಷವೂ ಉಂಟು. ತಂದೆ ವಾಂಗ್ ಕೇ-ಯಿಂಗ್ ಆ ಪ್ರಾಂತದಲ್ಲಿ ಹೆಸರಾದ ಮಲ್ಲ. ಕ್ಯಾಂಟನಿನ ಹತ್ತು ಹುಲಿಗಳೆಂದು ಜನ ಹೊಗಳುತ್ತಿದ್ದ ಹತ್ತು ಮಂದಿಯಲ್ಲಿ ಈತನೂ ಒಬ್ಬನೆಂದು ಪ್ರತೀತಿ. ಆದರೆ ಹುಲಿಯ ಮನೆಯಲ್ಲಿ ಅನ್ನಕ್ಕೆ ತತ್ವಾರವಿತ್ತು. ತಂದೆಮಗ ಇಬ್ಬರೂ ಫೊಶಾನ್, ಕ್ಯಾಂಟನ್ ನಗರಗಳ ಬೀದಿಗಳಲ್ಲಿ ನಿಂತು, ಕೋಲಿನ ವರಸೆ, ಕೈವರಸೆಗಳನ್ನು ತೋರಿಸಿ, ನೆರೆದ ಜನಕ್ಕೆ ಔಷಧಿ ಮಾರಿ ಹೊಟ್ಟೆ ಹೊರೆಯುತ್ತಿದ್ದರು. ವರಸೆ ಜನರನ್ನು ಸೇರಿಸುವುದಕ್ಕೆ. ದುಡ್ಡು ಬರುತ್ತಿದ್ದುದು ಔಷಧಿಯಿಂದ. ಮುಂದೆ ವಾಂಗನ ಬದುಕಿಗೆ ಆಧಾರವಾದ ಎರಡು ವಿದ್ಯೆಗಳೂ ಹೀಗೆ ಬೀದಿಯಲ್ಲಿಯೇ ಮೊಳೆತವು.

ಬಾಲಕನಾಗಿದ್ದಾಗಲೇ ಆತನಿಗೆ ಲಾಮ್ ಫುಕ್-ಸಿಂಗ್ ಎಂಬ ಗುರುವಿನಿಂದ ಕಬ್ಬಿಣದ ತಂತಿ ಎಂಬ ಹೆಸರಿನ ವರಸೆ ದೊರೆಯಿತು. ಇನ್ನೊಬ್ಬನಿಂದ ನೆರಳಿಲ್ಲದ ಒದೆ ಎಂಬ ಪಟ್ಟು ದೊರೆಯಿತು. ಕಾಲು ಎದ್ದುದೇ ಎದುರಾಳಿಗೆ ತಿಳಿಯಬಾರದು ಎಂಬುದು ಆ ಹೆಸರಿನ ಭಾವ. ಹರೆಯಕ್ಕೆ ಬಂದ ಮೇಲೆ ಕ್ಯಾಂಟನಿನಲ್ಲಿ ನೆಲೆಸಿ, ಕಂಚುಗಾರ ಕಮ್ಮಾರರಂಥ ಶ್ರಮಜೀವಿಗಳಿಗೆ ಪಾಠ ಹೇಳಲಾರಂಭಿಸಿದನು. ಕೆಲವು ಕಾಲದ ಮೇಲೆ ಅದೇ ನಗರದ ರೆನ್‌ಆನ್ ಬೀದಿಯಲ್ಲಿ ‘ಪೋ ಚಿ ಲಾಮ್’ ಎಂಬ ಔಷಧಾಲಯವನ್ನು ತೆರೆದನು. ನಮ್ಮ ಗರಡಿಯ ಉಸ್ತಾದರು ಉಳುಕು ತೆಗೆದು ಕಟ್ಟು ಕಟ್ಟುವುದನ್ನು ಬಲ್ಲ ವಾಚಕರಿಗೆ ಈ ಕಸುಬನ್ನು ವಿವರಿಸಬೇಕಾಗಿಲ್ಲ. ಹೊಡೆಯುವ ವಿದ್ಯೆಯನ್ನು ಬಲ್ಲವನು ಹೊಡೆತ ತಿಂದವನನ್ನು ಗುಣಪಡಿಸುವುದನ್ನೂ ಬಲ್ಲವನಾಗಿರಬೇಕೆಂಬುದು ಅಲ್ಲಿಯೂ ಸಂಪ್ರದಾಯ.

ಕಪ್ಪು ಬಾವುಟದ ಸೇನೆಯ ನಾಯಕ ಲಿಯು ಯೊಂಗ್‌ಫು ಆತನನ್ನು ತನ್ನ ಸೈನಿಕರಿಗೆ ಶಿಕ್ಷಕನನ್ನಾಗಿಯೂ ವೈದ್ಯನನ್ನಾಗಿಯೂ ನೇಮಿಸಿಕೊಂಡನೆಂದು ಹೇಳುತ್ತಾರೆ. 1895ರಲ್ಲಿ ಜಪಾನೀಯರು ತೈವಾನನ್ನು ವಶಪಡಿಸಿಕೊಳ್ಳಲು ಬಂದಾಗ ಲಿಯು ಅಲ್ಲಿ ಅವರನ್ನು ಎದುರಿಸಿ, ಸೋತು, ಚೀನಕ್ಕೆ ಮರಳಿದನು. ವಾಂಗನೂ ಆ ಪ್ರಯಾಣದಲ್ಲಿದ್ದನೆಂದು ಶಿಷ್ಯಪರಂಪರೆಯ ನಂಬಿಕೆ. ಅಲ್ಲಿಂದೀಚೆಗೆ ಸೇನೆಗಳ ಸಹವಾಸ ಸಾಕೆಂದು ಔಷಧಾಲಯದಲ್ಲಿಯೇ ಕುಳಿತನಂತೆ.

ಸಂಸಾರದಲ್ಲಿ ಆತನಿಗೆ ಸುಖ ಕಡಿಮೆ. ಮೂವರು ಹೆಂಡಿರು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಕೊನೆಗೆ ಕೈಹಿಡಿದವಳು ಮೋಕ್ ಕ್ವಾಯ್-ಲಾನ್. ಆತನಿಗಿಂತ ಬಹಳ ಚಿಕ್ಕವಳು. ಅವರಿಬ್ಬರ ಪರಿಚಯವಾದ ಬಗೆಯನ್ನು ಕುರಿತು ಸೊಗಸಾದ ಐತಿಹ್ಯವೊಂದುಂಟು. ಉತ್ಸವವೊಂದರಲ್ಲಿ ವಾಂಗ್ ವರಸೆಗಳನ್ನು ಪ್ರದರ್ಶಿಸುತ್ತಿದ್ದಾಗ ಕಾಲಿನ ಜೋಡು ಹಾರಿ, ನೋಡುತ್ತ ನಿಂತಿದ್ದ ಈ ಹುಡುಗಿಯ ಮುಖಕ್ಕೆ ಬಡಿಯಿತಂತೆ. ಅವಳು ಅಂಜಲಿಲ್ಲ. ನೇರವಾಗಿ ಬಂದು ಎಲ್ಲರೆದುರಿಗೆ ಆತನ ಕಪಾಳಕ್ಕೆ ಹೊಡೆದು, ಗುರುವೆನಿಸಿಕೊಂಡವನಿಗೆ ಇಷ್ಟು ಎಚ್ಚರ ಬೇಡವೇ ಎಂದು ಗದರಿದಳಂತೆ. ಮಹಾಮಲ್ಲ ತಪ್ಪೊಪ್ಪಿಕೊಂಡು ತಲೆತಗ್ಗಿಸಿದನು. ನಡೆದುದೋ ಕಟ್ಟಿದುದೋ, ಆತನ ಸ್ವಭಾವವನ್ನು ಜನ ಹೇಗೆ ಕಂಡಿದ್ದರೆಂಬುದಕ್ಕೆ ಈ ಕಥೆ ಸಾಕ್ಷಿ.

ಅಂತ್ಯಕಾಲ ದಾರುಣವಾದುದು. ತನ್ನ ವಿದ್ಯೆಗೆ ಉತ್ತರಾಧಿಕಾರಿಯಾಗಬಹುದಾಗಿದ್ದ ಮಗ ವಾಂಗ್ ಹಾನ್-ಸಮ್ ವೈರಿಯೊಬ್ಬನಿಂದ ಹತನಾದನು. ಆ ದುಃಖದಲ್ಲಿ ತಂದೆ ಉಳಿದ ಮಕ್ಕಳಿಗೆ ಮಲ್ಲವಿದ್ಯೆ ಕಲಿಸುವುದನ್ನೇ ಬಿಟ್ಟನೆನ್ನುತ್ತಾರೆ. 1924ರ ಅಕ್ಟೋಬರಿನಲ್ಲಿ ಕ್ಯಾಂಟನಿನ ವರ್ತಕರ ಸಶಸ್ತ್ರ ದಳಕ್ಕೂ ಸುನ್ ಯಾತ್‌-ಸೆನ್ ಅವರ ಸರಕಾರಕ್ಕೂ ಕಾಳಗ ನಡೆದು, ನಗರದ ಪಶ್ಚಿಮ ಭಾಗಕ್ಕೆ ಬೆಂಕಿ ಬಿದ್ದಿತು. ಪೋ ಚಿ ಲಾಮ್ ಸುಟ್ಟು ಬೂದಿಯಾಯಿತು. ಅದರೊಡನೆ ಆತನ ಗಳಿಕೆಯೂ, ಆತನನ್ನು ಕುರಿತು ನಮಗೆ ತಿಳಿಸಬಹುದಾಗಿದ್ದ ಕಾಗದಪತ್ರಗಳೂ ಹೋದವು. ಮುದುಕ ಹಾಸಿಗೆ ಹಿಡಿದನು. ಮರುವರ್ಷ, 1925ರಲ್ಲಿ, ನಗರದ ಧರ್ಮಾಸ್ಪತ್ರೆಯೊಂದರಲ್ಲಿ ಪ್ರಾಣಬಿಟ್ಟನು. ಮೋಕ್ ಕ್ವಾಯ್-ಲಾನ್ ಹಾಂಗ್‌ಕಾಂಗಿಗೆ ಹೋಗಿ, ಗಂಡನ ವಿದ್ಯೆಯನ್ನು ಕಲಿಸುತ್ತ 1982ರವರೆಗೆ ಬಾಳಿದಳು.

ಮನುಷ್ಯನ ಬದುಕು ಮುಗಿಯಿತು. ಹೆಸರಿನ ಬದುಕು ಆರಂಭವಾಯಿತು. ವಾಂಗನ ಪ್ರಧಾನ ಶಿಷ್ಯ ಲಾಮ್ ಸಾಯ್-ವಿಂಗ್. ಹಂದಿಮಾಂಸ ಮಾರುವುದು ಅವನ ಕಸುಬು. ಹಾಂಗ್‌ಕಾಂಗಿನಲ್ಲಿ ನೆಲೆಸಿದ ಈ ಶಿಷ್ಯ ಗುರುವಿನ ವರಸೆಗಳನ್ನು ಚಿತ್ರಸಹಿತ ಪುಸ್ತಕಗಳಲ್ಲಿ ಇಳಿಸಿದನು. ಲಾಮನ ಶಿಷ್ಯ ಚು ಯು-ಚಾಯ್ ಲೇಖಕ. 1930ರ ದಶಕದಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ ಪರಮಗುರುವಿನ ಸಾಹಸಗಳನ್ನು ಕಥೆಗಳಾಗಿ ಬರೆದನು. ಇಂದು ವಾಂಗನ ಚರಿತ್ರೆಯೆಂದು ನಾವು ಓದುವುದರಲ್ಲಿ ಬಹುಪಾಲು ಈ ಕಥೆಗಾರನ ಲೇಖನಿಯಿಂದ ಬಂದುದು. ಬೆಂಕಿ ಮಾಡಿದ ತೆರಪನ್ನು ಕಲ್ಪನೆ ತುಂಬಿತು. ಅದಕ್ಕಾಗಿ ಆತನನ್ನು ದೂರಲಾರೆ; ಆತ ಬರೆಯದಿದ್ದರೆ ಗುರುವಿನ ಹೆಸರೂ ಉಳಿಯುತ್ತಿರಲಿಲ್ಲ.

1949ರಲ್ಲಿ ವೂ ಪಾಂಗ್ ಎಂಬ ನಿರ್ದೇಶಕರು ಈ ಕಥೆಗಳನ್ನು ತೆರೆಗೆ ತಂದರು. ಕ್ಯಾಂಟನೀಸ್ ಸಂಗೀತನಾಟಕದ ಕಲಾವಿದ ಕ್ವಾನ್ ತಾಕ್-ಹಿಂಗ್ ಅವರದು ವಾಂಗನ ಪಾತ್ರ. ಮುಂದೆ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ಅದೇ ಪಾತ್ರವನ್ನು ವಹಿಸಿದರು. 1956ರ ಒಂದೇ ವರ್ಷದಲ್ಲಿ ಇಂಥ ಚಿತ್ರಗಳು 25 ಹೊರಬಂದವೆಂದರೆ ಜನರ ಹಸಿವನ್ನು ಊಹಿಸಬಹುದು. ಕ್ವಾನ್ ಅವರ ವಾಂಗ್ ಕನ್‌ಫ್ಯೂಷಿಯಸನ ಧರ್ಮದಲ್ಲಿ ನಡೆಯುವ ಗಂಭೀರ ಹಿರಿಯ. ಮೊದಲು ಬುದ್ಧಿ ಹೇಳುವನು, ಬೇರೆ ದಾರಿಯಿಲ್ಲದಾಗ ಮಾತ್ರ ಕೈಯೆತ್ತುವನು.

ಆ ಬಳಿಕ ಕ್ಯಾಂಟನೀಸ್ ಚಿತ್ರಗಳಿಗೆ ಕೆಟ್ಟ ಕಾಲ ಬಂದಿತು. ಮ್ಯಾಂಡರಿನ್ ಭಾಷೆಯ ಅದ್ದೂರಿ ಚಿತ್ರಗಳ ಮುಂದೆ ಅವು ನಿಲ್ಲಲಾರದೆ, 1970ರ ದಶಕದ ಆದಿಯಲ್ಲಿ ಹಾಂಗ್‌ಕಾಂಗಿನ ಜನ ತಮ್ಮ ಮನೆಮಾತನ್ನು ತಮ್ಮ ತೆರೆಯ ಮೇಲೆ ಕೇಳುವುದೇ ಅಪರೂಪವಾಯಿತು. 1973ರಲ್ಲಿ ‘ಎಪ್ಪತ್ತೆರಡು ಬಾಡಿಗೆದಾರರ ಮನೆ’ ಎಂಬ ಚಿತ್ರ ಗೆದ್ದು ಆ ಭಾಷೆಗೆ ಮರಳಿ ಜೀವ ಬಂದಿತು. ಹೀಗೆ ಚಿಗುರಿದ ಕಾಲದಲ್ಲಿ, ಯುವೆನ್ ವೂ-ಪಿಂಗ್ ಅವರ ನಿರ್ದೇಶನದಲ್ಲಿ, ‘ಡ್ರಂಕನ್ ಮಾಸ್ಟರ್’ ಬಂದಿತು.

ಇದರಲ್ಲಿ ಗಂಭೀರ ಹಿರಿಯನ ಸುಳಿವೇ ಇಲ್ಲ. ಜಾಕಿ ಚಾನ್ ಅವರ ವಾಂಗ್ ಪಾಠಕ್ಕೆ ಚಕ್ಕರ್ ಹಾಕುವ, ಕಾಸಿಲ್ಲದೆ ಊಟದ ಅಂಗಡಿಗೆ ನುಗ್ಗುವ ಪೋಕರಿ. ತಂದೆ ಬೇಸತ್ತು ಅವನನ್ನು ಒಬ್ಬ ಕುಡುಕ ಭಿಕ್ಷುಕನ ಕೈಗೆ ಒಪ್ಪಿಸುತ್ತಾನೆ. ಆ ಭಿಕ್ಷುಕನ ಪಾತ್ರದಲ್ಲಿ ನಟಿಸಿದವರು ನಿರ್ದೇಶಕರ ತಂದೆ ಸೈಮನ್ ಯುವೆನ್; ಕ್ವಾನ್ ಅವರ ಹಳೆಯ ಚಿತ್ರಗಳಲ್ಲಿಯೂ ದುಡಿದ ಹಿರಿಯರು. ಚಿತ್ರ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, 1979ರ ಜನವರಿಯಲ್ಲಿ, ಅವರು ತೀರಿಕೊಂಡರು. ಭಿಕ್ಷುಕ ಹುಡುಗನಿಗೆ ಎಂಟು ಮದ್ಯಮತ್ತ ಸಿದ್ಧರ ವರಸೆಗಳನ್ನು ಕಲಿಸುತ್ತಾನೆ. ಎಂಟನೆಯದು ಸ್ತ್ರೀಸಿದ್ಧಳದು, ಹೆಂಗಸಿನ ನಡೆಯೆಂದು ತಾತ್ಸಾರ ಮಾಡಿ ಹುಡುಗ ಅದನ್ನು ಕಲಿಯುವುದಿಲ್ಲ. ಕೊನೆಯ ಹೋರಾಟದಲ್ಲಿ ಬೇಕಾಗುವುದು ಅದೇ. ಆಗ ಆ ಕ್ಷಣದಲ್ಲಿ ತನ್ನದೇ ಆದ ಒಂದು ವರಸೆಯನ್ನು ಕಟ್ಟಿಕೊಂಡು, ಒನೆದು ಬಳುಕಿ, ನೋಡುವವರನ್ನು ನಗಿಸುತ್ತಲೇ ಅವನು ಗೆಲ್ಲುತ್ತಾನೆ.

ಇನ್ನು ಈ ಚಿತ್ರದ ಪಾಡನ್ನು ಕೇಳಿ. ಆ ಕಾಲದಲ್ಲಿ ಹಾಂಗ್‌ಕಾಂಗಿನಲ್ಲಿ ಚಿತ್ರೀಕರಿಸುವಾಗ ಧ್ವನಿಯನ್ನು ಹಿಡಿಯುತ್ತಿರಲಿಲ್ಲ. ಮಾತನ್ನೆಲ್ಲ ಆಮೇಲೆ ಸೇರಿಸುತ್ತಿದ್ದರು. ಊರಿಗೆ ಕ್ಯಾಂಟನೀಸ್ ಮಾತು, ಹೊರಗಿನ ಚೀನೀಯರಿಗೆ ಮ್ಯಾಂಡರಿನ್, ಪಶ್ಚಿಮ ದೇಶಗಳಿಗೆ ಇಂಗ್ಲಿಷ್. ಸಾಗರದಾಚೆಯ ಮಾರುಕಟ್ಟೆಗೆ ಬೇಕಾದುದು ಉಳಿಯಿತು. ಊರಿನ ಮಾತನ್ನು ಜೋಪಾನ ಮಾಡಬೇಕೆಂದು ಯಾರಿಗೂ ತೋರಲಿಲ್ಲ. ವೀಡಿಯೋ ಕ್ಯಾಸೆಟ್ಟುಗಳ ಕಾಲದಲ್ಲಿ ಇಂಥ ಅಗಲ ತೆರೆಯ ಚಿತ್ರಗಳನ್ನು ಟೆಲಿವಿಷನ್ನಿನ ಚೌಕಕ್ಕೆ ಹೊಂದಿಸಲು ಎಡಬಲಗಳನ್ನು ಕತ್ತರಿಸಿದರು. ಒದೆಯುವವನು ಕಂಡರೆ ಒದೆತ ತಿನ್ನುವವನು ಕಾಣನು. 2002ರಲ್ಲಿ ಅಮೆರಿಕದಲ್ಲಿ ಡಿವಿಡಿ ಹೊರಬಂದಾಗ ಕ್ಯಾಂಟನೀಸ್ ಧ್ವನಿಪಥ ಪೂರ್ತಿಯಾಗಿ ದೊರೆಯದೆ, ಅದು ಇಲ್ಲದೆಡೆಗಳಲ್ಲಿ ಮ್ಯಾಂಡರಿನ್ನನ್ನೇ ಇಟ್ಟರು. ಮಾತಾಡುತ್ತಿದ್ದ ಪಾತ್ರ ಥಟ್ಟನೆ ಬೇರೆ ಕಂಠದಲ್ಲಿ, ಬೇರೆ ಭಾಷೆಯಲ್ಲಿ ನುಡಿಯತೊಡಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತನ್ನ ಮಾತಿಗೆ ಮರಳುತ್ತದೆ.

2017ರಲ್ಲಿ ಇಂಗ್ಲೆಂಡಿನ ಯುರೇಕಾ ಸಂಸ್ಥೆ ಹೊರತಂದ ಬ್ಲೂ-ರೇ ಡಿಸ್ಕಿಗೆ 4ಕೆ ಎಂಬ ಸೂಕ್ಷ್ಮ ಪ್ರಮಾಣದ ಜೀರ್ಣೋದ್ಧಾರವೇ ಆಧಾರ. ಅಂದರೆ ಒಂದೊಂದು ಚೌಕಟ್ಟನ್ನೂ ಅಡ್ಡಗಲದಲ್ಲಿ ಸುಮಾರು ನಾಲ್ಕು ಸಾವಿರ ಬಿಂದುಗಳಾಗಿ ಕಂಪ್ಯೂಟರಿಗೆ ಇಳಿಸುವುದು. ಸೆಕೆಂಡಿಗೆ 24 ಚೌಕಟ್ಟುಗಳಂತೆ, ಎರಡು ಗಂಟೆಗೆ ತುಸು ಕಡಿಮೆಯಿರುವ ಈ ಚಿತ್ರದಲ್ಲಿ ಅವು ಒಂದೂವರೆ ಲಕ್ಷಕ್ಕೂ ಮಿಕ್ಕುತ್ತವೆ. ಅನಂತರ ಧೂಳು, ಗೀರು, ಹರಿದ ಅಂಚು, ಮಾಸಿದ ಬಣ್ಣಗಳ ಚಿಕಿತ್ಸೆ. ಈ ಕೆಲಸದ ಕಷ್ಟವಿರುವುದು ಯಂತ್ರದಲ್ಲಲ್ಲ, ವಿವೇಕದಲ್ಲಿ. ಧೂಳನ್ನು ತೆಗೆಯುವ ಉತ್ಸಾಹದಲ್ಲಿ ಫಿಲ್ಮಿನ ಸಹಜ ಕಣಗಳನ್ನೂ ಒರೆಸಿದರೆ ಮನುಷ್ಯರ ಮುಖ ಮೇಣದ ಗೊಂಬೆಯಂತಾಗುತ್ತದೆ. ಹಳೆಯ ಏಕಧ್ವನಿ ಸಪ್ಪೆಯೆಂದು ಹೊಸ ಗುದ್ದಿನ ಸದ್ದುಗಳನ್ನು ತುಂಬಿದ ಡಿಸ್ಕುಗಳೂ ಹಾಂಗ್‌ಕಾಂಗ್ ಚಿತ್ರಗಳ ಪಾಲಿಗೆ ಬಂದಿವೆ. ಇವು ಕೇಳಲು ಗಟ್ಟಿಯಾಗಿವೆ. ಆದರೆ 1978ರ ಪ್ರೇಕ್ಷಕ ಕೇಳಿದುದು ಇವನ್ನಲ್ಲ.

ಕ್ಯಾಂಟನೀಸ್ ಮಾತು ಇಲ್ಲದೆಡೆಗಳಲ್ಲಿ ಹೊಸ ಕಂಠಗಳಿಂದ ಆಡಿಸಿ ತುಂಬಿಬಿಡುವುದು ಅಸಾಧ್ಯವೇನೂ ಅಲ್ಲ. ಕಿವಿಗೆ ಎಡರು ತಪ್ಪುತ್ತಿತ್ತು. ಆದರೂ ಆ ಎಡರನ್ನೇ ನಾನು ಮೆಚ್ಚುತ್ತೇನೆ. ಇಲ್ಲಿ ಏನೋ ಕಳೆದಿದೆ ಎಂದು ಅದು ಪ್ರತಿಸಲವೂ ಸಾರುತ್ತದೆ. ಹಾಗೆ ಸಾರುವವರೆಗೂ ಯಾವುದೋ ಹಳೆಯ ಚಿತ್ರಮಂದಿರದ ಮೂಲೆಯಲ್ಲಿ ಬಿದ್ದಿರಬಹುದಾದ ಪ್ರತಿಯನ್ನು ಯಾರಾದರೂ ಹುಡುಕುವ ಆಸೆಯಿರುತ್ತದೆ. ಜಾಣತನದಿಂದ ಮುಚ್ಚಿದ ತೆರಪನ್ನು ಹುಡುಕುವವರಾರು?

ವಾಂಗನ ಚರಿತ್ರೆಯನ್ನು ಬರೆಯುವವರಿಗೂ ಇದೇ ಧರ್ಮ. ಕಲಿಯದ ಎಂಟನೆಯ ವರಸೆಯನ್ನು ತಾನೇ ಕಟ್ಟಿಕೊಳ್ಳಲು ಕಲಾವಿದನಿಗೆ ಅಧಿಕಾರವುಂಟು. ಚು ಯು-ಚಾಯ್ ಅದನ್ನೇ ಮಾಡಿದನು. ಕ್ವಾನ್ ಅವರೂ, ಜಾಕಿ ಚಾನ್ ಅವರೂ, 1991ರಲ್ಲಿ ಮತ್ತೊಮ್ಮೆ ವಾಂಗನನ್ನು ತೆರೆಗೆ ತಂದ ತ್ಸುಯ್ ಹಾರ್ಕ್ ಅವರೂ ಅದನ್ನೇ ಮಾಡಿದರು. ಅವರಿಂದ ನಮಗೆ ನಾಲ್ಕು ಬಗೆಯ ವಾಂಗರು ದೊರೆತರು, ನಾಲ್ವರೂ ಸ್ವಾಗತಾರ್ಹರು. ಆದರೆ ಚರಿತ್ರಕಾರನಿಗೂ ಜೀರ್ಣೋದ್ಧಾರಕನಿಗೂ ಆ ಅಧಿಕಾರವಿಲ್ಲ. 2001ರಲ್ಲಿ ಫೊಶಾನಿನಲ್ಲಿ ಆತನ ಸ್ಮಾರಕಭವನವೊಂದು ತೆರೆಯಿತು. ಅಲ್ಲಿಗೆ ಬರುವವರಲ್ಲಿ ಬಹುಮಂದಿ ಚಿತ್ರಗಳ ವಾಂಗನನ್ನೇ ಬಲ್ಲವರು. ಬೀದಿಯಲ್ಲಿ ಔಷಧಿ ಮಾರಿದ ಹುಡುಗನೂ, ಮಗನನ್ನು ಕಳೆದುಕೊಂಡ ತಂದೆಯೂ, ಬೂದಿಯಾದ ಔಷಧಾಲಯದ ಮುದುಕನೂ ಅವರಿಗೆ ಕಾಣಬೇಕಾದರೆ, ತಿಳಿದುದು ಯಾವುದು, ನಂಬಿದುದು ಯಾವುದು, ಸುಟ್ಟುಹೋದುದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಹೇಳುವವರು ಬೇಕು.

ಮೂಳೆ ಕೂಡಿಸುವವನು ಹೊಸ ಮೂಳೆಯನ್ನು ಮಾಡುವುದಿಲ್ಲ. ಮುರಿದ ತುದಿಗಳನ್ನು ತಡವಿ ಗುರುತಿಸಿ, ನೇರಕ್ಕೆ ತಂದು, ಅಲುಗದಂತೆ ಕಟ್ಟು ಕಟ್ಟುತ್ತಾನೆ. ಕೂಡಿಕೊಳ್ಳುವುದನ್ನು ಕಾಲಕ್ಕೆ ಬಿಡುತ್ತಾನೆ. ಪೋ ಚಿ ಲಾಮಿನ ವೈದ್ಯನು ಬಾಳೆಲ್ಲ ಮಾಡಿದ ಕೆಲಸ ಇದೇ. ಆತನ ಕಥೆಯನ್ನು ಕೈಗೆತ್ತಿಕೊಳ್ಳುವವರು ಆತನಿಂದ ಕಲಿಯಬೇಕಾದುದೂ ಇದನ್ನೇ.