ತಟ್ಟೆಯಂಥ ಅಣುಗಳನ್ನು ಕಂಡವರು: ಪ್ರೊ. ಎಸ್. ಚಂದ್ರಶೇಖರ್

ಕಳೆದ ರಂಜಾನ್ ಹಬ್ಬಕ್ಕೆ ಯಳವತ್ತಿಗೆ ಬಂದಿದ್ದಾಗ ನಮ್ಮ ಅಕ್ಕನ ಮಗ ಒಡೆದ ಮೊಬೈಲ್ ಹಿಡಿದುಕೊಂಡು ನನ್ನ ಮುಂದೆ ಬಂದು ಕುಳಿತ. ಅವನೂ ನಿಮ್ಮ ಹಾಗೆ ಪಿಯುಸಿ ವಿಜ್ಞಾನದ ಹುಡುಗ. ಲಕ್ಷ್ಮೇಶ್ವರದ ರಿಪೇರಿ ಅಂಗಡಿಯಲ್ಲಿ ಅವನಿಗೆ ಎರಡು ದರ ಹೇಳಿದ್ದರು. ಒರಿಜಿನಲ್ ಅಮೋಲೆಡ್ ಡಿಸ್‌ಪ್ಲೇ ಹಾಕಿದರೆ ಒಂದು ದರ, ಎಲ್‌ಸಿಡಿ ಕಾಂಬೋ ಹಾಕಿದರೆ ಅದರ ಅರ್ಧಕ್ಕಿಂತ ಕಡಿಮೆ. ನೋಡಲು ಎರಡೂ ಒಂದೇ ಗಾಜು, ಹಾಗಾದರೆ ಇಷ್ಟು ಅಂತರ ಯಾಕೆ ಖಾಲಾ ಎಂಬುದು ಅವನ ಪ್ರಶ್ನೆ.

ಅವನು ಸರಿಯಾದವರನ್ನೇ ಕೇಳಿದ್ದ. ನಮ್ಮ ಕಾಲೇಜಿನಿಂದ ಹೊರಬಿದ್ದು, ಇಂಜಿನಿಯರಿಂಗ್ ಮುಗಿಸಿ, ಈಗ ಬೆಂಗಳೂರಿನಲ್ಲಿ ನಾನು ಮಾಡುತ್ತಿರುವ ಕೆಲಸವೇ ಅದು. ಡಿಸ್‌ಪ್ಲೇ ಪ್ಯಾನೆಲ್‌ಗಳ ಪಿಕ್ಸೆಲ್ ಸರ್ಕ್ಯೂಟ್ ಬಗ್ಗೆ ಯಾರಾದರೂ ಪೇಟೆಂಟ್ ಕೇಳಿದಾಗ, ಅದೇ ವಿಷಯ ಜಗತ್ತಿನಲ್ಲಿ ಬೇರೆ ಎಲ್ಲಾದರೂ ಮೊದಲೇ ಪ್ರಕಟವಾಗಿದೆಯೇ ಎಂದು ಹುಡುಕಿ ಕೊಡುವುದು. ಹುಡುಗನಿಗೆ ವಿವರಿಸುತ್ತ ಹೋದಾಗ ಪ್ರೊ. ಎಸ್. ಚಂದ್ರಶೇಖರ್ ಅವರ ಹೆಸರು ಬಂತು. ಗೊತ್ತು, ನಕ್ಷತ್ರಗಳ ಬಗ್ಗೆ ನೊಬೆಲ್ ಪಡೆದವರು ಎಂದುಬಿಟ್ಟ. ಅಲ್ಲ. ಅವರು ಸುಬ್ರಹ್ಮಣ್ಯನ್ ಚಂದ್ರಶೇಖರ್, ನಾನು ಹೇಳಿದ್ದು ಶಿವರಾಮಕೃಷ್ಣ ಚಂದ್ರಶೇಖರ್. ಇಬ್ಬರೂ ಸರ್ ಸಿ. ವಿ. ರಾಮನ್ ಅವರಿಗೆ ಸೋದರ ಸಂಬಂಧಿಗಳು. ಒಬ್ಬರು ಅಣ್ಣನ ಮಗ, ಇನ್ನೊಬ್ಬರು ಸೋದರಿಯ ಮಗ. ಒಬ್ಬರಿಗೆ ನೊಬೆಲ್ ಬಂದ 1983ರಲ್ಲಿಯೇ ಇನ್ನೊಬ್ಬರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಹೆಸರು ಬೆರೆತುಹೋಗುವುದು ಸಹಜ. ಆದರೆ ಮೈಸೂರು, ಬೆಂಗಳೂರುಗಳಲ್ಲಿ ನಲವತ್ತು ವರ್ಷ ದುಡಿದವರನ್ನು ನಮ್ಮ ಹುಡುಗರು ಗುರುತಿಸದೆ ಹೋಗುವುದು ನನಗೆ ಬೇಸರ ತಂದಿತು. ಈ ಬರಹ ಅದಕ್ಕಾಗಿ.

ಚಂದ್ರಶೇಖರ್ ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತೆಯಲ್ಲಿ. ಸೋದರಮಾವ ರಾಮನ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ನಾಗಪುರ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಎಂ.ಎಸ್ಸಿ. ಮುಗಿಸಿ ಅವರು ಬೆಂಗಳೂರಿಗೆ ಬಂದರು. ರಾಮನ್ ಸಂಶೋಧನಾ ಸಂಸ್ಥೆ ಆಗ ತೀರಾ ಹೊಸದು. ಅಲ್ಲಿ ಮಾವನ ಕೈಕೆಳಗೆ ಅವರು ಹಿಡಿದ ವಿಷಯ, ಹರಳುಗಳ ಮೂಲಕ ಹಾಯುವಾಗ ಬೆಳಕಿನ ಕಂಪನದ ದಿಕ್ಕು ಹೇಗೆ ತಿರುಚಿಕೊಳ್ಳುತ್ತದೆ ಎಂಬುದು. ದ್ವಿತೀಯ ಪಿಯುಸಿಯಲ್ಲಿ ನೀವು ಓದುವ ಧ್ರುವೀಕರಣದ ಪಾಠದ ಮುಂದಿನ ಮೆಟ್ಟಿಲು ಅದು. ಎಲ್‌ಸಿಡಿ ಪರದೆ ನಡೆಯುವುದೂ ಇದೇ ತಿರುಚಾಟದ ಮೇಲೆ. ಆದರೆ 1951ರಲ್ಲಿ ಎಲ್‌ಸಿಡಿ ಎಂಬುದೇ ಇರಲಿಲ್ಲ. ಮುಂದೆ ಕೇಂಬ್ರಿಜ್, ಲಂಡನ್ ಎಂದು ಕೆಲವು ವರ್ಷ ಹೊರಗಿದ್ದು 1961ರಲ್ಲಿ ಮರಳಿದರು.

ಬಂದದ್ದು ಮೈಸೂರಿಗೆ. ಮಾನಸಗಂಗೋತ್ರಿ ಆಗಷ್ಟೇ ಕಣ್ಣು ಬಿಡುತ್ತಿತ್ತು. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥರು. ಆಗ ಅವರ ವಯಸ್ಸು 31. ಹತ್ತು ವರ್ಷ ಪಾಠ ಹೇಳಿದರು, ವಿಭಾಗ ಕಟ್ಟಿದರು. ದ್ರವ ಸ್ಫಟಿಕಗಳ ಬೆನ್ನು ಹತ್ತಿದ್ದು ಅಲ್ಲಿಯೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. 1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ಫ್ರೆಡ್ರಿಕ್ ರೈನಿಟ್ಜರ್ ಅವರು ಕೊಲೆಸ್ಟರಾಲ್‌ಗೆ ಸಂಬಂಧಿಸಿದ ಒಂದು ವಸ್ತುವನ್ನು ಕಾಯಿಸಿದರು. ಅದು ಸುಮಾರು 145 ಡಿಗ್ರಿಯಲ್ಲಿ ಕರಗಿ ಮಬ್ಬು ದ್ರವವಾಯಿತು. ಸುಮಾರು 178 ಡಿಗ್ರಿಯಲ್ಲಿ ಆ ಮಬ್ಬು ಹೋಗಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ಆ ಎರಡರ ನಡುವಿನ ಸ್ಥಿತಿಯೇ ದ್ರವ ಸ್ಫಟಿಕ. ನೀರಿನಂತೆ ಹರಿಯುತ್ತದೆ, ಆದರೂ ಅಣುಗಳು ಹರಳಿನಲ್ಲಿ ಇದ್ದಂತೆ ಒಂದು ಶಿಸ್ತಿನಲ್ಲಿ ಇರುತ್ತವೆ. ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷ ಜನ ನಂಬಿಕೊಂಡು ಬಂದದ್ದು, ಉದ್ದನೆಯ ಕಡ್ಡಿಯಂಥ ಅಣುಗಳಿಂದ ಮಾತ್ರ ದ್ರವ ಸ್ಫಟಿಕ ಆಗಬಲ್ಲದು ಎಂದು.

ರಾಮನ್ 1970ರ ನವೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ಬೆಂಗಳೂರಿಗೆ ಬಂದು ಮಾವನ ಸಂಸ್ಥೆಯಲ್ಲಿ ದ್ರವ ಸ್ಫಟಿಕ ಪ್ರಯೋಗಾಲಯ ತೆರೆದರು. ಅಲ್ಲಿ ಭೌತಶಾಸ್ತ್ರದವರೂ ರಸಾಯನಶಾಸ್ತ್ರದವರೂ ಒಂದೇ ಸೂರಿನಡಿ ದುಡಿಯುವಂತೆ ಮಾಡಿದ್ದು ಅವರ ಜಾಣತನ ಎಂದು ನನ್ನ ಅನಿಸಿಕೆ. ಬೇಕಾದ ಅಣುವನ್ನು ಹೊರಗಿನಿಂದ ತರಿಸಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಇಲ್ಲಿ ಪಕ್ಕದ ಕೋಣೆಯಲ್ಲೇ ತಯಾರಾಗುತ್ತಿತ್ತು.

1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಈ ಮೂವರು ಸೇರಿ ಹಳೆಯ ನಂಬಿಕೆಯನ್ನು ಮುರಿದರು. ಅವರು ತೆಗೆದುಕೊಂಡ ಅಣುವಿನ ನಡುವೆ ಒಂದು ಬೆಂಜೀನ್ ಉಂಗುರ, ಅದರ ಆರೂ ಮೂಲೆಗೆ ಒಂದೊಂದು ಮೆತ್ತನೆಯ ಬಾಲ. ಕಡ್ಡಿಯಲ್ಲ, ಚಪ್ಪಟೆ ತಟ್ಟೆ. ಕಾಯಿಸಿದಾಗ ಆ ತಟ್ಟೆಗಳು ಒಂದರ ಮೇಲೊಂದು ಕುಳಿತು ಕಂಬಗಳಾದವು. ನಮ್ಮ ಮನೆಗಳಲ್ಲಿ ಹಬ್ಬ, ಮದುವೆಗೆಂದು ಕಟಕ ರೊಟ್ಟಿ ಮಾಡಿ ಪೇರಿಸಿ ಇಡುತ್ತಾರಲ್ಲ, ಥೇಟ್ ಹಾಗೆ. ಅಂಥ ಕಂಬಗಳು ಜೇನುಗೂಡಿನ ಮಾದರಿಯಲ್ಲಿ ಸಾಲಾಗಿ ನಿಂತಿರುವುದನ್ನು ಎಕ್ಸ್-ರೇ ತೋರಿಸಿತು. ಲೇಖನ ಅಚ್ಚಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರಮಾಣ ಎಂಬ ನಿಯತಕಾಲಿಕದಲ್ಲಿ. ಹೊರದೇಶದ ದೊಡ್ಡ ಪತ್ರಿಕೆಗೆ ಕಳಿಸಿ ಕಾಯುತ್ತ ಕೂರಲಿಲ್ಲ. ದ್ರವ ಸ್ಫಟಿಕಗಳ ಬಗ್ಗೆ ಅವರ ಪುಸ್ತಕವನ್ನು ಕೇಂಬ್ರಿಜ್ ಪ್ರಕಟಿಸಿದ್ದೂ ಅದೇ ವರ್ಷ. ಮುಂದೆ ಅದು ರಷ್ಯನ್, ಜಪಾನಿ ಭಾಷೆಗಳಿಗೂ ಹೋಯಿತು.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಚಂದ್ರಶೇಖರ್ ಅವರ ಬಗ್ಗೆ ನನಗೆ ತುಂಬಾ ದಿನ ಕಾಡಿದ ಪ್ರಶ್ನೆ ಇರುವುದು ಇಲ್ಲಿ.

ಎಲ್‌ಸಿಡಿ ಪರದೆಗೆ ಒಂದು ಹಳೆಯ ಕಾಯಿಲೆ ಇದೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹಳೆಯ ಚಪ್ಪಟೆ ಮಾನಿಟರ್ ಇನ್ನೂ ಇದ್ದರೆ ಅದರ ಕೆಳಗೆ ತಲೆ ತಗ್ಗಿಸಿ ಓರೆಯಾಗಿ ನೋಡಿ. ಬಣ್ಣ ಉಲ್ಟಾ ಆಗುತ್ತದೆ, ಕಪ್ಪು ಬೆಳ್ಳಗಾಗುತ್ತದೆ. ಇದನ್ನು ತಗ್ಗಿಸಲು 1990ರ ದಶಕದ ಮಧ್ಯದಲ್ಲಿ ಜಪಾನಿನ ಫ್ಯೂಜಿ ಕಂಪನಿ ಒಂದು ತೆಳು ಫಿಲ್ಮ್ ತಂದಿತು. ಅದನ್ನು ಪರದೆಗೆ ಅಂಟಿಸಿದರೆ ಪಕ್ಕದಿಂದ ನೋಡಿದಾಗಲೂ ಚಿತ್ರ ಬಹುಮಟ್ಟಿಗೆ ಸರಿಯಾಗಿ ಕಾಣುತ್ತದೆ. ಅದರೊಳಗೆ ಇದ್ದದ್ದು ತಟ್ಟೆಯಾಕಾರದ ಅಣುಗಳು! ಜಗತ್ತಿನ ಎಷ್ಟೋ ಮಾನಿಟರುಗಳ ಮೇಲೆ ಆ ಫಿಲ್ಮ್ ಕುಳಿತಿತು, ಪೇಟೆಂಟ್ ಫ್ಯೂಜಿಯದು.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟೇ ಬಂದಿತ್ತು. ನಮ್ಮವರು ಕಂಡದ್ದನ್ನು ಹೊರಗಿನವರು ಹೊಡೆದುಕೊಂಡರು ಎಂದು ಗೆಳತಿಯರ ಮುಂದೆ ಭಾಷಣ ಮಾಡಿದ್ದೂ ಉಂಟು. ಆಮೇಲೆ ಕೆಲಸಕ್ಕೆ ಸೇರಿ, ಕ್ಲೇಮುಗಳನ್ನು ಓದುವುದನ್ನು ಕಲಿತೆ. ಪೇಟೆಂಟ್ ಅರ್ಜಿಯ ಜೀವ ಇರುವುದು ಕ್ಲೇಮಿನಲ್ಲಿ. ತನಗೆ ಯಾವುದರ ಮೇಲೆ ಹಕ್ಕು ಬೇಕು ಎಂದು ಅರ್ಜಿದಾರ ಒಂದೊಂದೇ ಅಂಶವನ್ನು ಜೋಡಿಸಿ ಬರೆಯುವ ವಾಕ್ಯ ಅದು. ನಾನು ದಿನಾ ನೋಡುವ ಪಿಕ್ಸೆಲ್ ಸರ್ಕ್ಯೂಟನ್ನೇ ತೆಗೆದುಕೊಳ್ಳಿ. ಎಲ್‌ಸಿಡಿಯ ಪಿಕ್ಸೆಲ್ ತಾನು ಬೆಳಗುವುದಿಲ್ಲ, ಹಿಂದಿನ ದೀಪದ ಬೆಳಕನ್ನು ಬಿಡುವುದು, ತಡೆಯುವುದು ಅಷ್ಟೇ ಅದರ ಕೆಲಸ. ಅಮೋಲೆಡ್‌ನಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗಬೇಕು. ಎಷ್ಟು ಕರೆಂಟ್ ಹರಿಯುತ್ತದೋ ಅಷ್ಟು ಬೆಳಕು. ಎರಡು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಇದ್ದರೆ ಸರಳ ಸರ್ಕ್ಯೂಟ್ ಆಯಿತು. ಆದರೆ ಲಕ್ಷಾಂತರ ಟ್ರಾನ್ಸಿಸ್ಟರುಗಳು ಎಲ್ಲವೂ ಒಂದೇ ತೆರನಾಗಿ ಇರುವುದಿಲ್ಲ, ಒಂದು ಸ್ವಲ್ಪ ಬೇಗ ಆನ್ ಆಗುತ್ತದೆ, ಇನ್ನೊಂದು ತಡವಾಗಿ. ಪರದೆಯ ಮೇಲೆ ಕಲೆ ಕಲೆ ಕಾಣುತ್ತದೆ. ಅದನ್ನು ಸರಿದೂಗಿಸಲು ಪ್ರತಿ ಬಣ್ಣದ ಚುಕ್ಕೆಗೂ ಏಳು ಟ್ರಾನ್ಸಿಸ್ಟರ್ ಇಡುವುದು ಫೋನುಗಳಲ್ಲಿ ಈಗ ಸಾಮಾನ್ಯ. 1080ಕ್ಕೆ 2400ರ ಪರದೆಯಲ್ಲಿ ಸುಮಾರು 26 ಲಕ್ಷ ಪಿಕ್ಸೆಲ್, ಲೆಕ್ಕ ನೀವೇ ಹಾಕಿ. ನಮ್ಮ ಹುಡುಗನ ಡಿಸ್‌ಪ್ಲೇ ದುಬಾರಿ ಆಗಲು ಇದೂ ಒಂದು ಕಾರಣ.

ಇಂಥ ಅರ್ಜಿಯನ್ನು ಪರೀಕ್ಷಿಸುವ ಅಧಿಕಾರಿ ಮುಖ್ಯವಾಗಿ ನೋಡುವುದು ಎರಡು. ಕ್ಲೇಮಿನ ಎಲ್ಲ ಅಂಶಗಳೂ ಯಾವುದಾದರೂ ಒಂದೇ ಹಳೆಯ ದಾಖಲೆಯಲ್ಲಿ ಇವೆಯೇ? ಇದ್ದರೆ ಹೊಸತನ ಇಲ್ಲ. ಇಲ್ಲದಿದ್ದರೆ, ಹಳೆಯದನ್ನೆಲ್ಲ ಬಲ್ಲ ಒಬ್ಬ ಸಾಮಾನ್ಯ ತಂತ್ರಜ್ಞನಿಗೆ ಅದು ತಾನಾಗಿಯೇ ಹೊಳೆಯುವಂಥದ್ದೇ? ಹಾಗಿದ್ದರೂ ಪೇಟೆಂಟ್ ಇಲ್ಲ. ದಾಖಲೆ ಯಾವ ದೇಶದ್ದು, ಯಾವ ಭಾಷೆಯದು ಎಂಬ ಭೇದ ಇಲ್ಲ. ಈ ನಮ್ಮ ಕಾಲೇಜು ಪತ್ರಿಕೆಯೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನಿಮ್ಮಲ್ಲಿ ಯಾರಾದರೂ ನಿಜಕ್ಕೂ ಹೊಸ ಮಾದರಿ ಮಾಡಿದರೆ ಇಲ್ಲಿ ಅಚ್ಚು ಹಾಕಿಸುವ ಮೊದಲು ಅರ್ಜಿ ಹಾಕಿ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ದಿನಾಂಕದ ಬೆಲೆ ಈ ಲೋಕದಲ್ಲಿ ಬಹಳ. ತಿರುಚು ಮಾದರಿಯ ಎಲ್‌ಸಿಡಿಗೆ 1970ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನಲ್ಲಿ ಶಾಟ್ ಮತ್ತು ಹೆಲ್‌ಫ್ರಿಶ್ ಅರ್ಜಿ ಹಾಕಿದರು. ಅಮೆರಿಕದ ಜೇಮ್ಸ್ ಫರ್ಗಸನ್ ಹಾಕಿದ್ದು 1971ರ ಏಪ್ರಿಲಿನಲ್ಲಿ. ಆ ಕೆಲವು ತಿಂಗಳ ಅಂತರಕ್ಕೆ ದೊಡ್ಡ ಜಗಳವೇ ನಡೆದು ರಾಜಿಯಲ್ಲಿ ಮುಗಿಯಿತು.

ಈ ಕಣ್ಣಿನಿಂದ ಫ್ಯೂಜಿಯ ಫಿಲ್ಮನ್ನೂ ಪ್ರಮಾಣದ ಲೇಖನವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಬೆಂಗಳೂರಿನ ಅಣುವಿನ ನಡುವೆ ಇದ್ದದ್ದು ಬೆಂಜೀನ್. ಫಿಲ್ಮಿನಲ್ಲಿ ಇರುವುದು ಟ್ರೈಫೆನಿಲೀನ್, ಅಂದರೆ ಮೂರು ಬೆಂಜೀನ್ ಉಂಗುರಗಳನ್ನು ನಡುವೆ ಬೆಸೆದಂಥ ಇನ್ನೂ ಅಗಲದ ತಟ್ಟೆ. ಅಂಥ ಅಣುಗಳಲ್ಲಿ ದ್ರವ ಸ್ಫಟಿಕ ತೋರಿಸಿದವರು ಫ್ರಾನ್ಸಿನವರು. ಫಿಲ್ಮಿನೊಳಗೆ ಅವು ಕಂಬವಾಗಿ ನಿಂತಿಲ್ಲ. ಕೆಳಗಿನಿಂದ ಮೇಲಕ್ಕೆ ಹೋದಂತೆ ಒಂದೊಂದು ಪದರವೂ ಸ್ವಲ್ಪ ಸ್ವಲ್ಪ ವಾಲುತ್ತ ಹೋಗುತ್ತವೆ, ಮತ್ತು ಆ ವಾಲುವಿಕೆಯನ್ನು ಹಾಗೆಯೇ ಗಟ್ಟಿ ಮಾಡಲಾಗಿದೆ. 1977ರ ಲೇಖನದಲ್ಲಿ ಇದು ಯಾವುದೂ ಇಲ್ಲ, ಇರಬೇಕಾಗಿಯೂ ಇರಲಿಲ್ಲ. ಕಳ್ಳತನ ಎಂಬ ನನ್ನ ಮಾತನ್ನು ನಾನೇ ವಾಪಸು ತೆಗೆದುಕೊಳ್ಳಬೇಕಾಯಿತು. ತಟ್ಟೆಯಾಕಾರದ ಅಣುವೂ ದ್ರವ ಸ್ಫಟಿಕ ಆಗಬಲ್ಲದು ಎಂಬ ತಿಳಿವಳಿಕೆ ಬೆಂಗಳೂರಿನದು, ಅದನ್ನು ಪರದೆಯ ಕಾಯಿಲೆಗೆ ಮದ್ದು ಮಾಡಿದ್ದು ಜಪಾನಿನದು. ಎರಡರ ನಡುವಿನ ಸುಮಾರು ಇಪ್ಪತ್ತು ವರ್ಷದ ಕೆಲಸಕ್ಕೆ ನಮ್ಮಲ್ಲಿ ಕಾರ್ಖಾನೆ ಇರಲಿಲ್ಲ. ನನ್ನ ಸಿಟ್ಟು ಈಗ ಅದರ ಮೇಲಿದೆ.

ಇನ್ನೊಂದು ವಿಷಯ. ಆಗ ನಮ್ಮ ದೇಶದ ಕಾನೂನೂ ಬೇರೆ ಇತ್ತು. 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂದಾಗ, ರಾಸಾಯನಿಕವಾಗಿ ತಯಾರಿಸಿದ ವಸ್ತುವಿನ ಮೇಲೆ ಹಕ್ಕು ಕೊಡುತ್ತಿರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಬರೀ ವೈಜ್ಞಾನಿಕ ತತ್ವವನ್ನು ಕಂಡುಹಿಡಿದರೆ ಅದು ಪೇಟೆಂಟಿಗೆ ಇಂದಿಗೂ ಸಲ್ಲುವುದಿಲ್ಲ. ಬಡವರಿಗೆ ಔಷಧಿ ಅಗ್ಗವಾಗಿ ಸಿಗಲಿ ಎಂಬ ದೊಡ್ಡ ಕಾರಣವೂ ಆ ಕಾನೂನಿನ ಹಿಂದೆ ಇತ್ತು, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ 1977ರಲ್ಲಿ ಆ ಅಣುವಿನ ಮೇಲೆ ಚಂದ್ರಶೇಖರ್ ಅವರಿಗೆ ಭಾರತದಲ್ಲಿ ಹಕ್ಕು ಸಿಗುವಂತಿರಲಿಲ್ಲ ಎಂಬುದು ತಿಳಿದಿರಲಿ.

ಪ್ರಯೋಗಾಲಯ ಮತ್ತು ಕಾರ್ಖಾನೆಯ ನಡುವಿನ ಈ ಕಂದಕ ಅವರಿಗೆ ಕಾಣದೆ ಇರಲಿಲ್ಲ ಎಂದು ನಾನು ತಿಳಿಯುತ್ತೇನೆ. 1990ರಲ್ಲಿ ನಿವೃತ್ತರಾದಾಗ ಅವರ ವಯಸ್ಸು 60. ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸಂಘದ ಮೊದಲ ಅಧ್ಯಕ್ಷರು ಬೇರೆ. ಸುಮ್ಮನೆ ಕೂರಬಹುದಿತ್ತು. ಅವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕೊಟ್ಟ ಕಟ್ಟಡದಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಕಟ್ಟಲು ಹೊರಟರು. ಬಿಇಎಲ್ ಆಗಲೇ ಎಲ್‌ಸಿಡಿ ತಯಾರಿಸುತ್ತಿದ್ದ ಸಂಸ್ಥೆ. ಕಾರ್ಖಾನೆಯ ಪಕ್ಕದಲ್ಲಿಯೇ ಸಂಶೋಧನೆ ಇರಲಿ ಎಂಬ ಹವಣಿಕೆ ಅದರಲ್ಲಿ ಕಾಣುತ್ತದೆ. 1995ರಲ್ಲಿ ಅದು ಕೇಂದ್ರ ಸರ್ಕಾರದ ಸ್ವಾಯತ್ತ ಸಂಸ್ಥೆ ಆಯಿತು. ಈಗ ಹೆಸರು ಬದಲಾಗಿ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ. 1994ರಲ್ಲಿ ರಾಯಲ್ ಪದಕ, 1998ರಲ್ಲಿ ಪದ್ಮಭೂಷಣ ಬಂದವು. ಪ್ರಶಸ್ತಿಗಳ ಪಟ್ಟಿ ಇನ್ನೂ ಉದ್ದ ಇದೆ, ಬಿಡೋಣ.

ರಾಯಲ್ ಪದಕ ಬಂದ ಆ 1994ರಲ್ಲಿಯೇ ಜರ್ಮನಿಯ ಸಂಶೋಧಕರು, ತಟ್ಟೆಯಾಕಾರದ ಅಣುಗಳ ಕಂಬದ ಉದ್ದಕ್ಕೂ ವಿದ್ಯುದಾವೇಶ ಬಹಳ ಸಲೀಸಾಗಿ ಹರಿಯುತ್ತದೆ ಎಂದು ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ರೊಟ್ಟಿಯ ಪೇರಿಕೆ ಒಂದು ತಂತಿಯಾದ ಹಾಗೆ. ಅಲ್ಲಿಂದ ಮುಂದೆ ತಾನೇ ಬೆಳಗುವ ಸಾವಯವ ಎಲ್‌ಇಡಿಗಳಲ್ಲಿ, ಸೌರಕೋಶಗಳಲ್ಲಿ ಅವನ್ನು ಬಳಸುವ ಬಗ್ಗೆ ಸಂಶೋಧನೆ ಸಾಗಿದೆ. ಹೀಗೆ ಎಲ್‌ಸಿಡಿ ದಾಟಿ ನನ್ನ ವಿಷಯದ ಹತ್ತಿರಕ್ಕೂ ಆ ತಟ್ಟೆಗಳು ಬಂದವು.

ಪ್ರೊ. ಚಂದ್ರಶೇಖರ್ ತೀರಿಕೊಂಡದ್ದು 2004ರ ಮಾರ್ಚ್ 8ರಂದು. ವಸ್ತುವಿಗೂ ಪೇಟೆಂಟ್ ಕೊಡುವ ತಿದ್ದುಪಡಿ ಭಾರತದಲ್ಲಿ ಜಾರಿಗೆ ಬಂದದ್ದು 2005ರ ಜನವರಿ 1ರಂದು, ಹತ್ತು ತಿಂಗಳೂ ತುಂಬಿರಲಿಲ್ಲ.

ಹಬ್ಬದ ಮರುದಿನ ಅಕ್ಕನ ಮಗ ಲಕ್ಷ್ಮೇಶ್ವರಕ್ಕೆ ಹೋಗಿ ಎಲ್‌ಸಿಡಿ ಕಾಂಬೋ ಹಾಕಿಸಿಕೊಂಡು ಬಂದ. ಒಡೆದ ಹಳೆಯ ಪರದೆಯನ್ನು ನನಗೆ ತೋರಿಸಲೆಂದು ಕಾಗದದಲ್ಲಿ ಸುತ್ತಿ ತಂದಿದ್ದ. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು, ಬ್ಲೇಡಿನಿಂದ ಮೇಲಿನ ಫಿಲ್ಮಿನ ಒಂದು ಮೂಲೆಯನ್ನು ಎಬ್ಬಿಸಿ, ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡಿದೆವು.