ಡಾ. ಮ್ಯಾಕ್ಸ್ ನಿಟ್ಜೆ (1848–1906): ಮೂತ್ರಕೋಶದೊಳಗೆ ಬೆಳಕು ಹರಿಸಿದ ವೈದ್ಯರು

ಮೂತ್ರಕೋಶದಲ್ಲಿ ಸೇರಿಕೊಂಡ ಅನ್ಯವಸ್ತುಗಳನ್ನು ಕಣ್ಣಾರೆ ಕಂಡು ಹೊರತೆಗೆಯಲು ಇಂದು ಬಳಸುವ ಉಪಕರಣವೇ ಸಿಸ್ಟೋಸ್ಕೋಪ್. ಇದನ್ನು ರೂಪಿಸಿದ ಡಾ. ಮ್ಯಾಕ್ಸ್ ನಿಟ್ಜೆ ಅವರು 1848ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದರು. ವೈದ್ಯಕೀಯ ಶಿಕ್ಷಣದ ನಂತರ ಡ್ರೆಸ್ಡೆನ್ ನಗರದ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾಗಿ ಸೇವೆ ಸಲ್ಲಿಸಿದರು.

ಆ ಕಾಲದಲ್ಲಿ ಮೂತ್ರಕೋಶದಲ್ಲಿ ಕಲ್ಲು ಅಥವಾ ಮುರಿದುಳಿದ ನಳಿಕೆಯ ತುಂಡು ಇದೆಯೇ ಎಂದು ತಿಳಿಯಲು ವೈದ್ಯರು ಲೋಹದ ಸಲಾಕೆಯನ್ನು ಒಳಸೇರಿಸಿ, ಅದು ತಗಲುವ ಸ್ಪರ್ಶ ಹಾಗೂ ಸದ್ದಿನಿಂದ ಊಹಿಸಬೇಕಾಗಿತ್ತು. ಹಿಂದಿನ ಉಪಕರಣಗಳಲ್ಲಿ ಬೆಳಕಿನ ಮೂಲವು ದೇಹದ ಹೊರಗಿದ್ದುದರಿಂದ ಒಳಭಾಗವು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ದೀಪವನ್ನೇ ಮೂತ್ರಕೋಶದೊಳಗೆ ಕೊಂಡೊಯ್ಯಬೇಕೆಂಬುದು ನಿಟ್ಜೆ ಅವರ ಆಲೋಚನೆಯಾಗಿತ್ತು.

1877ರಲ್ಲಿ ಡ್ರೆಸ್ಡೆನ್‌ನಲ್ಲಿ ತಮ್ಮ ಉಪಕರಣವನ್ನು ಮೊದಲ ಬಾರಿಗೆ ಪ್ರದರ್ಶಿಸಿದ ಅವರು, ವಿಯೆನ್ನಾದ ಉಪಕರಣ ತಯಾರಕ ಜೋಸೆಫ್ ಲೈಟರ್ ಅವರೊಡನೆ ಅದನ್ನು ಸುಧಾರಿಸಿ, 1879ರಲ್ಲಿ ಅಲ್ಲಿನ ವೈದ್ಯರ ಮುಂದಿರಿಸಿದರು. ವಿದ್ಯುತ್ತಿನಿಂದ ಕಾದು ಬೆಳಗುವ ಪ್ಲಾಟಿನಂ ತಂತಿಯು ದೇಹವನ್ನು ಸುಡದಂತೆ ಅದರ ಸುತ್ತ ನೀರನ್ನು ಹರಿಸಬೇಕಾಗಿತ್ತು. 1880ರ ದಶಕದಲ್ಲಿ ಕಿರು ವಿದ್ಯುತ್ ಬಲ್ಬನ್ನು ಅಳವಡಿಸಿದ ಮೇಲೆ ಈ ತೊಡಕು ನಿವಾರಣೆಯಾಯಿತು.

ನಿಟ್ಜೆ ಅವರು 1889ರಲ್ಲಿ ಈ ವಿಧಾನದ ಪಠ್ಯಪುಸ್ತಕವನ್ನು ಪ್ರಕಟಿಸಿದರು. ಮೂತ್ರಕೋಶದ ಒಳಭಾಗದ ಛಾಯಾಚಿತ್ರಗಳನ್ನು ತೆಗೆದರು. ನೋಡುತ್ತಲೇ ಶಸ್ತ್ರಚಿಕಿತ್ಸೆ ನಡೆಸಲು ಅನುವಾಗುವ ಉಪಕರಣವನ್ನೂ ಸಿದ್ಧಪಡಿಸಿದರು. 1906ರಲ್ಲಿ ಬರ್ಲಿನ್‌ನಲ್ಲಿ ನಿಧನರಾದರು.

ಇಂದು ಎಕ್ಸ್-ರೇ ಹಾಗೂ ಅಲ್ಟ್ರಾಸೌಂಡ್ ಪರೀಕ್ಷೆಗಳ ನಂತರ, ಅನೇಕ ಅನ್ಯವಸ್ತುಗಳನ್ನು ಸಿಸ್ಟೋಸ್ಕೋಪ್ ಮೂಲಕ ಚಿಮಟದಿಂದ ಹಿಡಿದು, ಹೊಟ್ಟೆ ಕೊಯ್ಯದೆಯೇ ಹೊರತೆಗೆಯಲಾಗುತ್ತದೆ. ದೊಡ್ಡದಾದ ಅಥವಾ ಚೂಪಾದ ವಸ್ತುಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಒಳಗೇ ಉಳಿದ ವಸ್ತುವಿನಿಂದ ಸೋಂಕು ತಗಲುವುದಲ್ಲದೆ, ಅದರ ಸುತ್ತ ಲವಣಗಳು ಸೇರಿ ಕಲ್ಲು ಬೆಳೆಯುವ ಸಂಭವವಿದೆ.

ಸಾರ್ವಜನಿಕರ ಗಮನಕ್ಕೆ: ಯಾವುದೇ ಕಾರಣದಿಂದ ವಸ್ತುವೊಂದು ಮೂತ್ರದ್ವಾರದೊಳಗೆ ಸೇರಿದ್ದಲ್ಲಿ ಅಥವಾ ಉರಿಮೂತ್ರ, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವಿಕೆ ಕಂಡುಬಂದಲ್ಲಿ ಸಂಕೋಚಪಡದೆ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ನಿಜಸ್ಥಿತಿಯನ್ನು ತಿಳಿಸತಕ್ಕದ್ದು. ಮನೆಯಲ್ಲಿ ತಾವೇ ಹೊರತೆಗೆಯಲು ಯತ್ನಿಸಬಾರದು. ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಯಲ್ಲಿ ಸ್ಟೆಂಟ್ ಅಳವಡಿಸಿಕೊಂಡವರು, ನೋವಿಲ್ಲದಿದ್ದರೂ, ವೈದ್ಯರು ಸೂಚಿಸಿದ ದಿನಾಂಕದಂದು ತಪ್ಪದೆ ಹಾಜರಾಗಿ ಅದನ್ನು ತೆಗೆಸಿಕೊಳ್ಳಲು ಕೋರಲಾಗಿದೆ.