ಹುಕ್, ಮತ್ತೆ ಕೌದಳ್ಳಿಯ ಜೀಪು

ನಮ್ಮ ಬ್ಯಾಚಿಗೆ ರಾಬರ್ಟ್ ಹುಕ್ ಅಂದರೆ ಒಂದೇ ಒಂದು ಸಾಲು. ಪಿಯುಸಿ ಫಿಸಿಕ್ಸಿನಲ್ಲಿ ಒಂದು ಸಲ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಇನ್ನೊಂದು ಸಲ. ಬಲ ಎಷ್ಟೋ ಹಿಗ್ಗುವಿಕೆ ಅಷ್ಟು, ಎಲಾಸ್ಟಿಕ್ ಲಿಮಿಟ್ ಒಳಗೆ. ಎರಡು ಮಾರ್ಕು, ಮುಗೀತು. ಆ ಮನುಷ್ಯ ಯಾರು, ಹೇಗೆ ಬದುಕಿದ್ದ ಅಂತ ಕೇಳೋ ಪ್ರಸಂಗವೇ ಬಂದಿರಲಿಲ್ಲ. ಬಂದದ್ದು ಒಂದು ಜೀಪಿನ ಯೂಜೆ ಕ್ರಾಸ್ ಮುರಿದ ಮೇಲೆ.

ಆ ಜೀಪು ಇರೋದು ಕೌದಳ್ಳಿಯಲ್ಲಿ. ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗೋ ರಸ್ತೆಯಲ್ಲಿ ಸಿಗುವ ಊರು. ಶಿವರಾತ್ರಿ, ದೀಪಾವಳಿ ಬಂತೆಂದರೆ ಮಾದಪ್ಪನ ಭಕ್ತರು ಈ ದಾರಿಯಲ್ಲೇ ನಡೆದು ಹೋಗ್ತಾರೆ. ಮುಂದೆ ತಾಳಬೆಟ್ಟ, ಅಲ್ಲಿಂದ ಘಾಟಿ, 27 ತಿರುವು. ನಮ್ಮ ಗೆಳೆಯನೊಬ್ಬನ ಮನೆ ಕೌದಳ್ಳಿಯಲ್ಲಿದೆ. ಅವರ ಹತ್ತಿರ ಹಳೇ ಮಹೀಂದ್ರ ಜೀಪು, ಮುಂದೆ ಹಿಂದೆ ಎಲ್ಲಾ ಲೀಫ್ ಸ್ಪ್ರಿಂಗು, ಫೋರ್ ವೀಲ್ ಡ್ರೈವ್. ಮುಸುಕಿನ ಜೋಳದ ಮೂಟೆ, ಗೊಬ್ಬರ, ಹಬ್ಬಕ್ಕೆ ನೆಂಟರು, ಎಲ್ಲಾ ಅದರಲ್ಲೇ. ಮನೆ ಸಂಪಾದನೆಯಲ್ಲಿ ಅರ್ಧ ಆ ಜೀಪಿನದು. ವರ್ಷಗಟ್ಟಲೆ ಭಾರ ಹೊತ್ತು ಹಿಂದಿನ ಸ್ಪ್ರಿಂಗು ಚಪ್ಪಟೆಯಾಗಿತ್ತು. ಕಾಡಂಚಿನ ಹೊಲದ ದಾರಿಯಲ್ಲಿ ಗೇರ್‌ಬಾಕ್ಸಿನ ತಳ ಕಲ್ಲಿಗೆ ತಾಗ್ತಿತ್ತು.

ದಸರಾ ರಜೆಗೆ ಹೋದಾಗ ಗೆಳೆಯನ ಅಪ್ಪ ನಮ್ಮನ್ನ ಕೇಳಿದರು, ಗಾಡಿ ಸ್ವಲ್ಪ ಎತ್ತರ ಮಾಡಿಸೋದು ಹೇಗೆ ಅಂತ. ಇಂಜಿನಿಯರಿಂಗ್ ಓದೋ ಮಕ್ಕಳಲ್ವಾ, ಅದಕ್ಕೆ ಕೇಳಿದರು. ನಾವು ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ ತೀರ್ಪು ಕೊಟ್ಟೆವು: ಆಕ್ಸೆಲ್ ಕೆಳಗಿರೋ ಸ್ಪ್ರಿಂಗನ್ನ ಆಕ್ಸೆಲ್ ಮೇಲೆ ಕೂರಿಸಿಬಿಡಿ ಅಂಕಲ್, ಒಂದೇ ಏಟಿಗೆ ಐದು ಇಂಚು ಏಳುತ್ತೆ. ಊರಿನ ಮೆಕ್ಯಾನಿಕ್ ಅಣ್ಣ ಬೇಡ ಅಂದರು. ನಾವು ಬೇಕು ಅಂದೆವು. ಬೇರೆ ಊರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಆಯ್ತು. ಸ್ಪ್ರಿಂಗ್ ಸೀಟನ್ನ ಯಾವ ಕೋನಕ್ಕೆ ವೆಲ್ಡ್ ಮಾಡಬೇಕು ಅಂತ ಹೇಳಿದ್ದೂ ನಾವೇ.

ಜೀಪು ಒಂದು ತಿಂಗಳು ನಡುಗುತ್ತಾ ಓಡಿತು. ಆಮೇಲೆ ಒಂದು ದಿನ ಘಾಟಿ ಹತ್ತುವಾಗ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿದು ಶಾಫ್ಟು ಕೆಳಗೆ ಬಿತ್ತು. ಈ ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ಡ್ರಮ್ ಇರೋದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ. ಶಾಫ್ಟೇ ಇಲ್ಲ ಅಂದ್ಮೇಲೆ ಆ ಬ್ರೇಕ್ ಎಳೆದರೂ ಹಿಂದಿನ ಚಕ್ರಕ್ಕೆ ಸುದ್ದಿನೇ ಮುಟ್ಟಲ್ಲ. ಅಂಕಲ್ ಕಾಲಿನ ಬ್ರೇಕ್ ಒತ್ತಿ ಹಿಡಿದರು, ಗೆಳೆಯ ಇಳಿದು ಓಡಿ ಚಕ್ರಕ್ಕೆ ಕಲ್ಲು ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಅಂಕಲ್ ನಮಗೆ ಫೋನ್ ಮಾಡಿ ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಸ್ಟೆಲಿನಲ್ಲಿ ಕೂತು ಆ ಕ್ರಾಸ್ ಯಾಕೆ ಮುರೀತು ಅಂತ ಓದುವಾಗ ಗೊತ್ತಾಯ್ತು, ಆ ಜಾಯಿಂಟಿಗೆ ಪುಸ್ತಕದ ಹೆಸರು ಹುಕ್ಸ್ ಜಾಯಿಂಟ್. ಸ್ಪ್ರಿಂಗಿನ ನಿಯಮ ಕೊಟ್ಟ ಅದೇ ಹುಕ್. ಅಂದರೆ ನಾವು ಒಬ್ಬನೇ ಮನುಷ್ಯನ ಎರಡು ಕೆಲಸಗಳನ್ನ ಒಂದೇ ಜೀಪಿನಲ್ಲಿ ಒಂದಕ್ಕೊಂದು ಜಗಳಕ್ಕೆ ಬಿಟ್ಟಿದ್ವಿ. ಆಗ ಅವನ ಕಥೆ ಹುಡುಕಿ ಓದೋಕೆ ಶುರು ಮಾಡಿದ್ದು.

ಹುಕ್ ಹುಟ್ಟಿದ್ದು 1635ರ ಜುಲೈನಲ್ಲಿ, ಇಂಗ್ಲೆಂಡಿನ ದಕ್ಷಿಣದ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್ ಅನ್ನೋ ಹಳ್ಳಿಯಲ್ಲಿ. ಅಪ್ಪ ಚರ್ಚಿನಲ್ಲಿ ಪಾದ್ರಿ. ಹುಡುಗನಿಗೆ ಸದಾ ಕಾಯಿಲೆ, ತಲೆನೋವು. ಬದುಕೋದೇ ಅನುಮಾನ ಅಂತ ಓದಿನ ಒತ್ತಾಯವನ್ನೂ ಬಿಟ್ಟರು. ಹುಡುಗ ಸುಮ್ಮನೆ ಕೂರಲಿಲ್ಲ. ಬಿಚ್ಚಿಟ್ಟ ಹಿತ್ತಾಳೆ ಗಡಿಯಾರ ನೋಡಿ ಮರದಲ್ಲಿ ಇನ್ನೊಂದು ಮಾಡಿದ, ಅದು ಓಡಿತು ಕೂಡ. 1648ರಲ್ಲಿ ಅಪ್ಪ ತೀರಿಕೊಂಡರು. ಪಾಲಿಗೆ ಬಂದ 40 ಪೌಂಡ್, ಅಜ್ಜಿಯ ಕಡೆಯಿಂದ ಇನ್ನು 10 ಪೌಂಡ್, ಇಷ್ಟರ ಮೇಲೆ 13 ವರ್ಷದ ಹುಡುಗ ಲಂಡನ್ನಿಗೆ ಬಂದ. ಪೀಟರ್ ಲೆಲಿ ಅನ್ನೋ ದೊಡ್ಡ ಚಿತ್ರಕಾರನ ಹತ್ತಿರ ಕೆಲಸ ಕಲಿಯೋಕೆ ಸೇರಿದ, ಬಣ್ಣದ ವಾಸನೆಗೆ ತಲೆನೋವು ಜಾಸ್ತಿಯಾಗಿ ಬಿಟ್ಟ. ಆಮೇಲೆ ವೆಸ್ಟ್‌ಮಿನ್‌ಸ್ಟರ್ ಸ್ಕೂಲು. ಅಲ್ಲಿ ಲೇತ್ ಮೇಲೆ ಕೆಲಸ ಕಲಿತ. ಹದಿನಾರರ ಹೊತ್ತಿಗೆ ಬೆನ್ನು ಗೂನಾಗತೊಡಗಿತು. ಲೇತ್ ಮುಂದೆ ಬಗ್ಗಿ ಬಗ್ಗಿ ಹೀಗಾಯ್ತು ಅನ್ನೋದು ಅವನದೇ ನಂಬಿಕೆ. ನಮ್ಮ ವರ್ಕ್‌ಶಾಪ್ ಲ್ಯಾಬಿನಲ್ಲಿ ಈ ಮಾತು ಹೇಳಬೇಡಿ, ಅರ್ಧ ಕ್ಲಾಸು ಮೆಡಿಕಲ್ ಸರ್ಟಿಫಿಕೇಟ್ ತರುತ್ತೆ.

1653ರಲ್ಲಿ ಆಕ್ಸ್‌ಫರ್ಡಿಗೆ ಹೋದ. ಅಲ್ಲಿ ರಾಬರ್ಟ್ ಬಾಯ್ಲ್ ಎಂಬ ಶ್ರೀಮಂತ ವಿಜ್ಞಾನಿಗೆ ಸಹಾಯಕನಾಗಿ ಗಾಳಿ ಎಳೆಯೋ ಪಂಪು ಕಟ್ಟಿಕೊಟ್ಟ. ನಾವು ಬಾಯ್ಲ್ ನಿಯಮ ಅಂತ ಓದ್ತೀವಲ್ಲ, ಅದರ ಹಿಂದೆ ಇದ್ದ ಯಂತ್ರದ ಕೈ ಹುಕ್‌ನದು. 1662ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನ ಪ್ರಯೋಗಗಳ ಕ್ಯುರೇಟರ್ ಆಗಿ ತಗೊಂಡಿತು. ಕೆಲಸ ಏನು ಗೊತ್ತಾ? ವಾರವಾರ ಸಭೆ ಸೇರಿದಾಗ ಮೂರು ನಾಲ್ಕು ಪ್ರಯೋಗ ಮಾಡಿ ತೋರಿಸಬೇಕು. ನಮಗೆ ಸೆಮಿಸ್ಟರಿಗೆ ಹನ್ನೆರಡು ಪ್ರಯೋಗ ಬರೆಯೋಕೇ ಉಸಿರು ಕಟ್ಟುತ್ತೆ. 1665ರಲ್ಲಿ ಮೈಕ್ರೋಗ್ರಾಫಿಯಾ ಬಂತು: ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ನೊಣದ ಕಣ್ಣು, ಬೆಂಡಿನ ಚೂರು. ಬಯಾಲಜಿಯ ಸೆಲ್ ಅನ್ನೋ ಹೆಸರು ಆ ಬೆಂಡಿನ ಚೂರಿನಿಂದಲೇ ಬಂದದ್ದು.

ಆದರೆ ನಮಗೆ ಹೆಚ್ಚು ಹಿಡಿಸಿದ್ದು ಅದೇ ವರ್ಷದ ಇನ್ನೊಂದು ದಿನ. 1665ರ ಮೇ 1ರಂದು ಹುಕ್ ಮತ್ತು ಸೊಸೈಟಿಯ ಕೆಲವರು ಲಂಡನ್ನಿನ ಹೊರಗೆ ಕರ್ನಲ್ ಬ್ಲೌಂಟ್ ಎಂಬವರ ಮನೆಗೆ ಊಟಕ್ಕೆ ಹೋದರು. ದಿನಚರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಕೂಡ ಜೊತೆಗಿದ್ದ, ಅದಕ್ಕೇ ನಮಗೆ ಇದು ಗೊತ್ತು. ಊಟ ಅಷ್ಟಕ್ಕಷ್ಟೇ ಅಂತಲೂ ಬರೆದಿದ್ದಾನೆ. ಊಟ ಆದ ಮೇಲೆ ಕುದುರೆ ಗಾಡಿಗಳ ಟೆಸ್ಟ್. ಜನರ ಬೆನ್ನು ಮುರಿಯದ ಹಾಗೆ ಗಾಡಿ ಮಾಡೋದು ಹೇಗೆ ಅನ್ನೋದು ಪ್ರಶ್ನೆ. ಹಲವು ಗಾಡಿ ನೋಡಿದರು. ಅದರಲ್ಲಿ ಒಂದರ ಮೈಯೆಲ್ಲಾ ಒಂದೇ ಉದ್ದನೆಯ ಸ್ಪ್ರಿಂಗಿನ ಮೇಲೆ ಕೂತಿತ್ತು, ಅದೇ ಎಲ್ಲಕ್ಕಿಂತ ಮೆತ್ತಗೆ ಓಡಿತು. ಒಬ್ಬರಾದ ಮೇಲೆ ಒಬ್ಬರು ಹತ್ತಿ ಕೂತು ನೋಡಿದರು. ಗೂನು ಬೆನ್ನಿನ ಹುಕ್‌ಗೆ ಇದು ಬರೀ ಥಿಯರಿ ಆಗಿರಲಿಲ್ಲ ಅಂತ ನಮಗನ್ನಿಸುತ್ತೆ. ಆ ಬೇಸಿಗೆಯಲ್ಲೇ ಲಂಡನ್ನಿಗೆ ಪ್ಲೇಗ್ ಬಂತು. ಹುಕ್, ವಿಲ್ಕಿನ್ಸ್, ಪೆಟ್ಟಿ ಮೂವರೂ ಎಪ್ಸಮ್ ಹತ್ತಿರದ ಒಂದು ಬಂಗಲೆಗೆ ಹೋಗಿ, ಅಲ್ಲೂ ಗಾಡಿಗಳ ಹೊಸ ಮಾದರಿ ಕಟ್ಟುತ್ತಾ ಕೂತರು. ಲಾಕ್‌ಡೌನಿನಲ್ಲಿ ನಾವೇನು ಮಾಡಿದ್ವಿ ಅಂತ ಇಲ್ಲಿ ಬರೆಯೋದು ಬೇಡ.

ಮುಂದಿನ ವರ್ಷ ಲಂಡನ್ ಸುಟ್ಟುಹೋಯ್ತು. 1666ರ ಬೆಂಕಿಯ ನಂತರ ಊರನ್ನ ಅಳೆದು, ಯಾರ ಸೈಟು ಎಲ್ಲಿ ಅಂತ ಗುರುತು ಹಾಕೋ ಸರ್ವೇಯರ್‌ಗಳಲ್ಲಿ ಹುಕ್ ಒಬ್ಬ. ಗೆಳೆಯ ಕ್ರಿಸ್ಟೋಫರ್ ರೆನ್ ಜೊತೆ ಸೇರಿ ಬೆಂಕಿಯ ನೆನಪಿಗೆ 202 ಅಡಿಯ ಕಂಬ ಕಟ್ಟಿದ, ಇವತ್ತಿಗೂ ನಿಂತಿದೆ. ಹಗಲು ಸರ್ವೇ, ಸಂಜೆ ಪ್ರಯೋಗ, ನಡುವೆ ಗ್ರೆಶಾಮ್ ಕಾಲೇಜಿನಲ್ಲಿ ಜ್ಯಾಮಿತಿ ಪಾಠ. ದುಡ್ಡಿನ ವಿಷಯಕ್ಕೆ ಬಂದರೆ, ಸರ್ ಜಾನ್ ಕಟ್ಲರ್ ಎಂಬ ವ್ಯಾಪಾರಿ ಉಪನ್ಯಾಸಕ್ಕಾಗಿ ವರ್ಷಕ್ಕೆ 50 ಪೌಂಡ್ ಕೊಡ್ತೀನಿ ಅಂದು ಸರಿಯಾಗಿ ಕೊಡಲಿಲ್ಲ. ಹುಕ್ ಕೋರ್ಟಿಗೆ ಹೋದ, ತೀರ್ಪು ಬಂದದ್ದು 1696ರಲ್ಲಿ. ಅಷ್ಟರಲ್ಲಿ ಕಟ್ಲರೇ ಇರಲಿಲ್ಲ.

ಸ್ಪ್ರಿಂಗಿನ ಕಥೆ ಬೇಸರದ್ದು. ಸ್ಪ್ರಿಂಗಿನಿಂದ ಗಡಿಯಾರದ ಓಟ ಸರಿಮಾಡಬಹುದು ಅನ್ನೋದು ಹುಕ್‌ಗೆ 1660ರ ಆಸುಪಾಸಿನಲ್ಲೇ ಹೊಳೆದಿತ್ತು. ಪೇಟೆಂಟ್ ಮಾತುಕತೆಯೂ ಆಗಿತ್ತು, ಷರತ್ತು ಒಪ್ಪಿಗೆಯಾಗದೆ ಮುರಿದುಬಿತ್ತು. ಹುಕ್ ಗುಟ್ಟಾಗಿ ಇಟ್ಟುಕೊಂಡ. 1675ರಲ್ಲಿ ಹಾಲೆಂಡಿನ ಹೈಗೆನ್ಸ್ ಅದೇ ತರಹದ ಸುರುಳಿ ಸ್ಪ್ರಿಂಗಿನ ಗಡಿಯಾರ ಪ್ರಕಟಿಸಿದಾಗ ಹುಕ್ ಕಿರುಚಾಡಿದ, ತನ್ನ ಗುಟ್ಟನ್ನ ಸೊಸೈಟಿಯ ಕಾರ್ಯದರ್ಶಿಯೇ ಹೊರಗೆ ಬಿಟ್ಟ ಅಂದ. ಯಾರೂ ಪೂರ್ತಿ ನಂಬಲಿಲ್ಲ. ಪಾಠ ಕಲಿತನಾ? ಇಲ್ಲ. 1676ರಲ್ಲಿ ಹೀಲಿಯೋಸ್ಕೋಪ್ಸ್ ಎಂಬ ಪುಸ್ತಕ ತಂದ. ಅದರಲ್ಲಿ ಎರಡು ಶಾಫ್ಟುಗಳನ್ನ ಓರೆಯಾಗಿ ಜೋಡಿಸಿ ತಿರುಗಿಸೋ ಜಾಯಿಂಟಿನ ವಿವರ ಇದೆ, ಅದೇ ನಮ್ಮ ಯೂಜೆ ಕ್ರಾಸು. ಅದೇ ಪುಸ್ತಕದ ಕೊನೆಯಲ್ಲಿ ಸ್ಪ್ರಿಂಗಿನ ನಿಯಮ ಇದೆ, ಆದರೆ ಹದಿನಾಲ್ಕು ಲ್ಯಾಟಿನ್ ಅಕ್ಷರಗಳನ್ನ ಅಕಾರಾದಿಯಾಗಿ ಜೋಡಿಸಿಟ್ಟ ಒಗಟಾಗಿ. ನಾನೇ ಮೊದಲು ಅನ್ನೋ ಸಾಕ್ಷಿಯೂ ಬೇಕು, ಬೇರೆಯವರಿಗೆ ಗೊತ್ತೂ ಆಗಬಾರದು! ಎರಡು ವರ್ಷದ ಮೇಲೆ, 1678ರಲ್ಲಿ, ಒಗಟು ಬಿಡಿಸಿ ಹೇಳಿದ. ಉದ್ದನೆಯ ತಂತಿಯನ್ನ ಮೊಳೆಗೆ ಕಟ್ಟಿ ತಟ್ಟೆಯಲ್ಲಿ ತೂಕ ಇಡುತ್ತಾ ಹೋಗಿ ಅಳೆದಿದ್ದ. ತೂಕ ಎರಡರಷ್ಟಾದರೆ ಹಿಗ್ಗುವಿಕೆಯೂ ಎರಡರಷ್ಟು.

ಸಂಕ್ರಾಂತಿಗೆ ಕೌದಳ್ಳಿಗೆ ಹೋದಾಗ ನಾವೂ ಅದನ್ನೇ ಮಾಡಿದ್ವಿ, ನಾಚಿಕೆ ಬಿಟ್ಟು. ನಾವು ನಾಲ್ವರು, ಒಟ್ಟು 240 ಕೆ.ಜಿ., ಹಿಂದಿನ ಆಕ್ಸೆಲ್ ಮೇಲೆ ಬರೋ ಹಾಗೆ ಕೂತೆವು. ಜೀಪು 4 ಸೆಂ.ಮೀ. ಇಳೀತು. ಒಂದೊಂದು ಸ್ಪ್ರಿಂಗಿಗೆ 120 ಕೆ.ಜಿ., ಅಂದರೆ ಸೆಂಟಿಮೀಟರಿಗೆ 30 ಕೆ.ಜಿ. ಈಗ ಎತ್ತರಕ್ಕೆ ಅಂತ ಏಳು ಪ್ಲೇಟಿನ ಕಟ್ಟಿಗೆ ಅದೇ ಅಳತೆಯ, ಅದೇ ಬಾಗಿನ ಎಂಟನೇ ಪ್ಲೇಟ್ ಸೇರಿಸಿದರೆ ಗಡಸುತನ ಹತ್ತಿರ ಹತ್ತಿರ ಶೇ. 14 ಏರುತ್ತೆ. ಖಾಲಿ ಜೀಪಿನಲ್ಲಿ ಸ್ಪ್ರಿಂಗಿನ ಮೇಲೆ 225 ಕೆ.ಜಿ. ಇದೆ ಅಂದುಕೊಂಡರೆ, 7.5 ಸೆಂ.ಮೀ. ಇಳಿತಿದ್ದದ್ದು 6.6 ಸೆಂ.ಮೀ. ಇಳಿಯುತ್ತೆ. ಸಿಕ್ಕಿದ ಎತ್ತರ ಒಂದು ಸೆಂಟಿಮೀಟರೂ ಇಲ್ಲ, ಬೆನ್ನಿಗೆ ಬೀಳೋ ಏಟು ಮಾತ್ರ ಜಾಸ್ತಿ. ಎತ್ತರ ಬರೋದು ಗಡಸುತನದಿಂದಲ್ಲ, ಪ್ಲೇಟಿನ ಕಮಾನಿನಿಂದ. ಶ್ಯಾಕಲ್ ಉದ್ದ ಮಾಡಿದರೆ, ಎರಡು ಇಂಚಿಗೆ ಆಕ್ಸೆಲ್ ಹತ್ತಿರ ಸಿಗೋದು ಒಂದೇ ಇಂಚು, ಮುಂದಿನ ಆಕ್ಸೆಲ್‌ನಲ್ಲಾದರೆ ಕ್ಯಾಸ್ಟರ್ ಕೋನ ಕೆಟ್ಟು ಸ್ಟೇರಿಂಗ್ ಅಲೆದಾಡುತ್ತೆ. ಇನ್ನೊಂದು ವಿಷಯ ವಿಡಿಯೋದಲ್ಲಿ ಯಾರೂ ಹೇಳಿರಲಿಲ್ಲ: ಸ್ಪ್ರಿಂಗ್ ಎಷ್ಟೇ ಎತ್ತರಿಸಿದರೂ ಡಿಫರೆನ್ಷಿಯಲ್ ಒಂದು ಮಿಲಿಮೀಟರೂ ಮೇಲೇಳಲ್ಲ. ಅದು ಆಕ್ಸೆಲ್ ಜೊತೆ ಇರೋದು, ಅದನ್ನ ಎತ್ತೋದು ದೊಡ್ಡ ಟಯರ್ ಮಾತ್ರ.

ಜಾಯಿಂಟಿನ ಲೆಕ್ಕ ಇನ್ನೂ ಕಹಿ. ನೇರ ಇದ್ದಾಗ ಕ್ರಾಸ್ ಸಮವಾಗಿ ತಿರುಗುತ್ತೆ. ಓರೆ ಮಾಡಿದರೆ ಒಂದು ಸುತ್ತಿನಲ್ಲಿ ಎರಡು ಸಲ ಜೋರು, ಎರಡು ಸಲ ನಿಧಾನ. ಹುಕ್‌ಗೆ ಇದು ಗೊತ್ತಿತ್ತು. ಆ ಏರಿಳಿತ ಸೂರ್ಯ ಗಡಿಯಾರದ ನೆರಳಿನ ಓಟದ ಹಾಗೇ ಇದೆ ಅಂತ ನೋಡಿ ಅದನ್ನೇ ಉಪಯೋಗಕ್ಕೆ ತಂದಿದ್ದ. ನಮ್ಮ ಜೀಪಿನ ಹಿಂದಿನ ಶಾಫ್ಟು ಸುಮಾರು 60 ಸೆಂ.ಮೀ., ಮೋಟು. ಮೊದಲು 8 ಡಿಗ್ರಿ ಓರೆ ಇತ್ತು, ವೇಗದ ಏರಿಳಿತ ಶೇ. 1. ಐದು ಇಂಚು ಎತ್ತಿದ ಮೇಲೆ 20 ಡಿಗ್ರಿ, ಏರಿಳಿತ ಶೇ. 6. ಎರಡೂ ತುದಿಯ ಕೋನ ಸಮ ಇದ್ದರೆ ಒಂದು ಕ್ರಾಸಿನ ತಪ್ಪನ್ನ ಇನ್ನೊಂದು ಕ್ರಾಸ್ ಸರಿಮಾಡುತ್ತೆ. ನಾವು ಹೇಳಿದ ಸೀಟಿನ ಕೋನದಲ್ಲಿ ಅವು ಸಮ ಇರಲಿಲ್ಲ. ಆ ಒಂದು ತಿಂಗಳ ನಡುಕ ಅದೇ.

ಹುಕ್‌ನ ಕೊನೆಯ ವರ್ಷಗಳನ್ನ ಬೇಗ ಮುಗಿಸ್ತೀವಿ. ಗ್ರಹಗಳನ್ನ ಸೂರ್ಯ ಎಳೆಯೋ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ ಅಂತ ಅವನು ನ್ಯೂಟನ್‌ಗೆ ಕಾಗದ ಬರೆದಿದ್ದ. 1686ರಲ್ಲಿ ಪ್ರಿನ್ಸಿಪಿಯಾ ತಯಾರಾಗುವಾಗ ಆ ಪಾಲು ಕೇಳಿದ. ನ್ಯೂಟನ್ ಸಿಟ್ಟಾಗಿ ಹುಕ್ ಹೆಸರನ್ನ ಆದಷ್ಟು ಕಡೆ ಹೊಡೆದುಹಾಕಿದ. ಹುಕ್ ಊಹಿಸಿದ್ದ, ಗಣಿತದಲ್ಲಿ ಸಾಧಿಸಿದ್ದು ನ್ಯೂಟನ್. ನಮ್ಮ ಗುಂಪಿನಲ್ಲಿ ಈ ಬಗ್ಗೆ ಇನ್ನೂ ಜಗಳ ನಡೀತಿದೆ. 1687ರಲ್ಲಿ ಜೊತೆಗಿದ್ದ ಅಣ್ಣನ ಮಗಳು ಗ್ರೇಸ್ ತೀರಿಕೊಂಡಳು, ಆಮೇಲೆ ಹುಕ್ ಮೊದಲಿನಂತಾಗಲಿಲ್ಲ. ಕಣ್ಣು ಮಂಜಾಯ್ತು, ಕಾಲು ಊದಿತು. 1703ರ ಮಾರ್ಚ್ 3ರಂದು ಗ್ರೆಶಾಮ್ ಕಾಲೇಜಿನ ಕೋಣೆಯಲ್ಲೇ ತೀರಿಕೊಂಡ. ಬಡವನಂತೆ ಬದುಕಿದವನ ಕೋಣೆಯ ಪೆಟ್ಟಿಗೆಯಲ್ಲಿ ಸಾವಿರಾರು ಪೌಂಡ್ ಸಿಕ್ಕಿತು. ಅದೇ ವರ್ಷ ನ್ಯೂಟನ್ ಸೊಸೈಟಿಯ ಅಧ್ಯಕ್ಷನಾದ.

ಜೀಪು ಈಗ ಓಡ್ತಿದೆ. ಮೆಕ್ಯಾನಿಕ್ ಅಣ್ಣ ಸ್ಪ್ರಿಂಗನ್ನ ವಾಪಸ್ ಆಕ್ಸೆಲ್ ಕೆಳಗೆ ತಂದರು. ಎಲಾಸ್ಟಿಕ್ ಲಿಮಿಟ್ ದಾಟಿ ಕುಸಿದಿದ್ದ ಪ್ಲೇಟ್ ತೆಗೆಸಿ ಅಷ್ಟೇ ಸಂಖ್ಯೆಯ ಹೊಸ ಪ್ಲೇಟ್ ಹಾಕಿದರು, ಕಮಾನು ಸ್ವಲ್ಪ ಹೆಚ್ಚಿಗೆ. ಎರಡು ಇಂಚು ಎದ್ದಿದೆ, ಶಾಫ್ಟಿನ ಕೋನ 13 ಡಿಗ್ರಿ, ಎರಡೂ ತುದಿ ಸಮ. ಹೊಲದ ದಾರಿಯಲ್ಲಿ ಒಂದೇ ಒಂದು ಕಲ್ಲು ಇನ್ನೂ ತಾಗುತ್ತೆ, ಅಂಕಲ್ ಅದನ್ನ ಹಾರೆ ತಗೊಂಡು ಕಿತ್ತುಹಾಕಿದರು. ನಿಮ್ಮ ಮನೆಯಲ್ಲೂ ಇಂಥ ಯೋಚನೆ ಇದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿ. ಆರ್‌ಸಿಯಲ್ಲಿರೋ ವಿವರಕ್ಕೆ ವ್ಯತ್ಯಾಸ ಆಗೋ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಅದನ್ನೂ ನಾವು ಆಮೇಲೆ ಓದಿದ್ದು.

ಈ ಬರಹಕ್ಕೆ ಹುಕ್ ಫೋಟೋ ಬೇಕು ಅಂತ ಎಡಿಟರ್ ಅಕ್ಕ ಕೇಳಿದ್ದರು. ಹುಡುಕಿದ್ವಿ. ಅವನು ಬದುಕಿದ್ದಾಗ ಬರೆದದ್ದು ಅಂತ ಎಲ್ಲರೂ ಒಪ್ಪೋ ಚಿತ್ರ ಒಂದೂ ಉಳಿದಿಲ್ಲ. 1710ರಲ್ಲಿ ಸೊಸೈಟಿಗೆ ಹೋದ ಜರ್ಮನ್ ಪ್ರವಾಸಿಯೊಬ್ಬ ಅಲ್ಲಿ ಹುಕ್ ಚಿತ್ರ ನೋಡಿದ್ದಾಗಿ ಬರೆದಿದ್ದಾನೆ, ಆಮೇಲೆ ಅದರ ಸುಳಿವಿಲ್ಲ. ಹಾಗಾಗಿ ಮೇಲೆ ಹಾಕಿರೋದು ಮುರಿದ ಯೂಜೆ ಕ್ರಾಸಿನ ಫೋಟೋ. ನಮ್ಮ ಹಾಸ್ಟೆಲ್ ರೂಮಿನ ಕಿಟಕಿಯಲ್ಲಿದೆ, ನೋಡಬೇಕಂದ್ರೆ ಬನ್ನಿ.